ಪ್ರಸಾದವೂ ಪಥ್ಯವೂ

ಮೂತ್ರಪಿಂಡದ ಕಸಿಯಾಯಿತೆಂದರೆ ಕಷ್ಟವೆಲ್ಲ ಕಳೆಯಿತೆಂದೇ ಬಂಧುಗಳು ಭಾವಿಸುತ್ತಾರೆ. ಅನೇಕರಿಗೆ ಹೊಟ್ಟೆಯ ಪಾಡು ಆರಂಭವಾಗುವುದೇ ಆಮೇಲೆ.

ಪರರ ಅಂಗವನ್ನು ದೇಹವು ತನ್ನದೆಂದು ಸುಲಭವಾಗಿ ಒಪ್ಪುವುದಿಲ್ಲ. 1954ರಲ್ಲಿ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ನೆರವೇರಿಸಿದ ಮೊದಲ ಯಶಸ್ವಿ ಕಸಿಯು ತದ್ರೂಪಿ ಅವಳಿ ಸೋದರರ ನಡುವೆ ನಡೆದುದರಿಂದ ಆ ತೊಡಕು ಬರಲಿಲ್ಲ. ಉಳಿದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನಿತ್ಯವೂ ಸೇವಿಸಬೇಕು. ಅವುಗಳಲ್ಲಿ ಮೈಕೋಫಿನೊಲೇಟ್ ಎಂಬುದು ಹಲವರಿಗೆ ಭೇದಿಯನ್ನು ತರುತ್ತದೆ. ಸ್ಟೀರಾಯ್ಡ್ ಮಾತ್ರೆಯು ಕರುಳಿನೊಳಗಿನ ಅಪಾಯದ ನೋವನ್ನೂ ಜ್ವರವನ್ನೂ ಮರೆಮಾಚಬಲ್ಲದು. ಶಕ್ತಿ ತಗ್ಗಿರುವುದರಿಂದ ನೀರಿನ ಕ್ರಿಮಿಗಳೂ ಸೈಟೊಮೆಗಲೋ ವೈರಸ್ಸೂ ಕಾಡುತ್ತವೆ. ಇನ್ನೊಂದು ವಿಚಿತ್ರವುಂಟು: ಭೇದಿಯಾದಾಗ ಟ್ಯಾಕ್ರೊಲಿಮಸ್ ಎಂಬ ಔಷಧವು ರಕ್ತದಲ್ಲಿ ಕುಗ್ಗುವ ಬದಲು ಏರುವುದುಂಟು. ಆಗ ಪೆಟ್ಟು ಬೀಳುವುದು ಹೊಸ ಮೂತ್ರಪಿಂಡಕ್ಕೇ.

ನನ್ನ ತಂಗಿ ತನ್ನ ಮಗನಿಗೆ ಮೂತ್ರಪಿಂಡವನ್ನು ದಾನ ಮಾಡಿದವಳು. ಆ ಹುಡುಗ ಮೂರು ವಾರ ಭೇದಿಯಿಂದ ಸೊರಗಿದಾಗ ಹಿತೈಷಿಗಳೊಬ್ಬರು ಮಾತ್ರೆ ಬಿಟ್ಟು ಕಷಾಯ ಕುಡಿಯಲು ಹೇಳಿದರು.

“ಮಾವ, ಈ ಮಾತ್ರೆಯೇ ನನ್ನನ್ನು ಕೊಲ್ಲುತ್ತಿದೆ” ಎಂದ.

“ಬಿಟ್ಟರೆ ನಿನ್ನ ತಾಯಿ ಕೊಟ್ಟದ್ದು ಹೋದೀತಪ್ಪ. ವೈದ್ಯರು ಹೇಳಲಿ, ನಡೆ” ಎಂದೆ.

ಪರೀಕ್ಷೆಗಳಲ್ಲಿ ಸೋಂಕು ಕಾಣಲಿಲ್ಲ. ವೈದ್ಯರು ಕರುಳಿನಲ್ಲಿ ಕರಗುವ ಲೇಪವುಳ್ಳ ಮಾತ್ರೆಗೆ ಬದಲಾಯಿಸಿದರು. ಕ್ರಮೇಣ ಹೊಟ್ಟೆ ಹಿಡಿತಕ್ಕೆ ಬಂತು.

ನಮ್ಮ ಮನೆಗಳಲ್ಲಿ ಬೇರೊಂದು ಇಕ್ಕಟ್ಟಿದೆ. ಪಾದೋದಕ, ಪ್ರಸಾದಗಳು ಅಷ್ಟಾವರಣದಲ್ಲಿ ಸೇರಿದವು. ಅವನ್ನು ಬೇಡವೆನ್ನಲು ನಾಲಿಗೆ ಏಳುವುದಿಲ್ಲ. ಜಾತ್ರೆಯ ದಾಸೋಹದಲ್ಲಿ ಹುಡುಗನು ಅಪರಾಧಿಯಂತೆ ಹಿಂದೆ ಸರಿದು ನಿಂತದ್ದನ್ನು ಕಂಡು ನನಗೆ ಸಂಕಟವಾಯಿತು. ಪ್ರಸಾದವೆಂದರೆ ಪ್ರಸನ್ನತೆ, ದೊರೆತುದನ್ನು ಜತನದಿಂದ ಸ್ವೀಕರಿಸುವ ಭಾವ. ಕಸಿಯಾದ ಅಂಗವೂ ಹಾಗೆ ದೊರೆತದ್ದೇ ಅಲ್ಲವೇ? ಕುದಿಸಿ ಆರಿಸಿದ ನೀರು ಪಾದೋದಕಕ್ಕೆ ಸಲ್ಲದೆಂದು ಮಠದಲ್ಲಿ ನನಗೆ ಪಾಠ ಹೇಳಿದ ಗುರುಗಳು ಎಂದೂ ಹೇಳಲಿಲ್ಲ.

ಇಂಥವರಿಗೆ ಬಿಸಿ ಅನ್ನ, ಬಿಸಿ ಸಾರು ಸಲ್ಲುತ್ತವೆ. ಹೆಚ್ಚಿಟ್ಟು ಹೊತ್ತು ಕಳೆದ ಕೋಸಂಬರಿಯಾಗಲಿ ಕಾಯಿಸದ ನೀರಿನ ಪಾನಕವಾಗಲಿ ಸಲ್ಲವು. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿರಲಿ, ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ಅದು ಏರಿಸಬಲ್ಲದಾದ್ದರಿಂದ ಬೇಡ. (ಬುಟ್ಟಿ ತುಂಬ ಹಣ್ಣು ತಂದ ಬೀಗರಿಗೆ ಇದನ್ನು ತಿಳಿಸುವುದು ನನಗೂ ಸುಲಭವಾಗಲಿಲ್ಲ.) ಹೊಟ್ಟೆಯುರಿಗೆ ಅಂಗಡಿಯಿಂದ ತಾವೇ ತರುವ ಔಷಧವೂ ಬೇಡ; ಕೆಲವು ಆಮ್ಲಹಾರಿಗಳು ಮೈಕೋಫಿನೊಲೇಟನ್ನು ಮೈಗೆ ಹತ್ತಗೊಡುವುದಿಲ್ಲ.

ಆದ್ದರಿಂದ ದಾಸೋಹದಲ್ಲಿ ಬಡಿಸುವ ಶರಣ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಪಂಕ್ತಿಯಲ್ಲಿ ಯಾರಾದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕಾರಣ ಕೇಳಬೇಡಿ, ಒತ್ತಾಯವನ್ನೂ ಮಾಡಬೇಡಿ. ಒಲೆಯಿಂದ ಈಗಷ್ಟೇ ಇಳಿದುದೇನಾದರೂ ಇದ್ದರೆ ತಂದು ಬಡಿಸಿರಿ.