ಮಾಂಗಾ ರಸಿಕರ ಗ್ರಂಥಾನ್ವೇಷಣೆ

ಜಪಾನಿನ ‘ಮಾಂಗಾ’ ಎಂಬ ಚಿತ್ರಕಥೆಗಳ ರಸಿಕನಿಗೆ ಕಥೆಯೊಂದೇ ಸಾಲದು. ಅದು ಮೊದಲು ಅಚ್ಚಾದ ಪ್ರತಿಯೇ ಬೇಕು. ಅದಕ್ಕಾಗಿ ಟೋಕಿಯೋ ನಗರದ ಕಾಂದಾ, ನಕಾನೋ ಭಾಗಗಳ ಹಳೆಯ ಪುಸ್ತಕದಂಗಡಿಗಳನ್ನೆಲ್ಲ ಅವನು ಸುತ್ತುವನು. ಇದನ್ನು ಬರಿಯ ಹುಚ್ಚೆನ್ನಲಾಗದು.

ತೆಜುಕಾ ಒಸಾಮು ಅವರು ಚಿತ್ರಿಸಿದ ‘ಶಿನ್ ತಕರಾಜಿಮಾ’ 1947ರಲ್ಲಿ ಅಗ್ಗದ ಪುಸ್ತಕವಾಗಿ ಹೊರಬಂದಿತು. ಮುಂದೆ ತಮ್ಮ ಸಮಗ್ರ ಕೃತಿಶ್ರೇಣಿಗಾಗಿ ಅವರೇ ಅದನ್ನು ಹೊಸದಾಗಿ ಚಿತ್ರಿಸಿದರು. ಮೂಲದ ಗೆರೆಗಳು ಪುನರ್ಮುದ್ರಣವಾಗಿ ಸಾಮಾನ್ಯ ಓದುಗರ ಕೈಸೇರಿದುದು 2009ರಲ್ಲಿ, ಅವರು ತೀರಿಕೊಂಡು 20 ವರ್ಷಗಳು ಕಳೆದ ಮೇಲೆ. ಅಲ್ಲಿಯವರೆಗೆ ಆ ಗೆರೆಗಳನ್ನು ಕಾಣಬಯಸಿದವನಿಗೆ, ಹರಿದ ಹಾಳೆಯನ್ನೂ ಎಸೆಯದೆ ಇಟ್ಟುಕೊಂಡ ಓದುಗರೇ ಆಸರೆ. 1978ರಲ್ಲಿ ನೈಕಿ ತೋಶಿಯೋ ಅವರು ತಮ್ಮ ಸಂಗ್ರಹವನ್ನೇ ಗ್ರಂಥಾಲಯವಾಗಿ ತೆರೆದುದೂ ಇಂಥ ಪ್ರೀತಿಯಿಂದಲೇ.

ಪಂಡಿತರು ಮನ್ನಿಸುವವರೆಗೆ ಕೃತಿಯನ್ನು ಕಾಯ್ದಿಡುವ ಭಾರ ರಸಿಕರದು.