ಬೋರಮಾಳದ ಗುಂಡುಗಳು

ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿದು ಹೊರಟರೆ ಸುಮಾರು 35 ಕಿಲೋಮೀಟರಿಗೆ ಅಣ್ಣಿಗೇರಿ. ದಾರಿಯ ಎರಡೂ ಬದಿಗೆ ಎರೆಹೊಲ. ಹಿಂಗಾರಿ ದಿನಗಳಲ್ಲಿ ಬಂದರೆ ಕಡಲೆ, ಕುಸುಬೆ, ಬಿಳಿಜೋಳ. ಬೇಸಿಗೆಯಲ್ಲಿ ಬಂದರೆ ಬಾಯಿಬಿಟ್ಟ ಕರಿನೆಲ. ಆದಿಕವಿ ಪಂಪನ ಊರೆಂದು ಶಾಲೆಯಲ್ಲಿ ಓದಿದವರು, ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿಯ 76 ಕಂಬಗಳನ್ನು ನೋಡಬೇಕೆನ್ನುವವರು ಇಲ್ಲಿ ಇಳಿಯುತ್ತಾರೆ. ನಾನು ಇಳಿದದ್ದು ಎರಡಕ್ಕೂ ಅಲ್ಲ. ನನ್ನ ಕೈಚೀಲದಲ್ಲಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ ಅವ್ವನ ಬೋರಮಾಳವಿತ್ತು.

ಬೋರೆಹಣ್ಣಿನಂಥ ಗುಂಡುಗಳ ಸರ, ಆದ್ದರಿಂದ ಬೋರಮಾಳ. ಈ ಸೀಮೆಯ ಒಡವೆಗಳ ಹೆಸರು ಕೇಳಿದರೆ ಅರ್ಧ ಹೊಲದಲ್ಲಿ, ಅರ್ಧ ಅಡಿಗೆಮನೆಯಲ್ಲಿ ನಿಂತ ಹಾಗಾಗುತ್ತದೆ. ಅವಲಕ್ಕಿ ಸರವಿದೆ, ಮಾವಿನಕಾಯಿ ಸರವಿದೆ. ಗುಂಡನೆಯ ಗುಳಗಳ ನಡುವೆ ತಾಳಿ ಕೂಡಿಸಿದ್ದು ಗುಳದಾಳಿ. ಕೊರಳಿಗೆ ಬಿಗಿಯಾಗಿ ಕೂಡುವುದು ಟೀಕಿ. ತೋಳಿಗೆ ವಂಕಿ, ಕೈಗೆ ಪಾಟ್ಲಿ ಬಿಲ್ವಾರ, ನಡುವಿಗೆ ಡಾಬು. ಎಲ್ಲ ಇದ್ದ ಮನೆ ಊರಿಗೆ ಒಂದೋ ಎರಡೋ. ಉಳಿದವರಿಗೆ ತಾಳಿಯ ಮೇಲೆ ಒಂದು ಬೋರಮಾಳವಿದ್ದರೆ ಅದೇ ಸಿರಿ.

ಅವ್ವ ಹೋದ ವರ್ಷ ತೀರಿಕೊಂಡಳು. ಕ್ರಿಯಾಕರ್ಮ ಮುಗಿದ ಮೇಲೆ ವೈನಿ ತಾನೇ ಟ್ರಂಕು ತೆಗೆದು, ಬೋರಮಾಳವನ್ನು ನಮ್ಮ ಮೂವರು ಅಕ್ಕತಂಗಿಯರ ಮುಂದೆ ಇಟ್ಟಳು. ದಾರ ಲಡ್ಡಾಗಿ ಅಲ್ಲಲ್ಲಿ ಹರಿದಿತ್ತು. ಎಣಿಸಿದರೆ 44 ಗುಂಡು. ಮೂವರಿಗೆ ಹದಿನಾಲ್ಕು ಹದಿನಾಲ್ಕು, ಮೇಲೆ ಎರಡು ಉಳಿಯುತ್ತವೆ. ಈ ಎರಡರ ತಕರಾರೇ ಬೇಡ, ಕರಗಿಸಿ ಮೂರು ಎಳೆ ಮಾಡಿಸೋಣವೆಂದಳು ಹಿರಿಯಕ್ಕ. ಬಂಗಾರ ಹತ್ತು ಗ್ರಾಮಿಗೆ ಲಕ್ಷ ರೂಪಾಯಿ ದಾಟಿದ್ದು 2025ರಲ್ಲಿ. ಹೀಗಿರುವಾಗ ಅವಳು ಲೆಕ್ಕ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ.

ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋದೆವು. ಎಲ್ಲೆಡೆ ಕನ್ನಡಿ, ತಂಪುಗಾಳಿ, ಕುಡಿಯಲು ಬಾದಾಮಿ ಹಾಲು. ತಕ್ಕಡಿಯಲ್ಲಿಟ್ಟರೆ ಮೂರು ತೊಲಿಯ ಮೇಲೆ ತೂಗಿತು. ನಮ್ಮ ಮುಖ ಅರಳುವುದರೊಳಗೆ ಆ ಹುಡುಗ ಒಂದು ಗುಂಡನ್ನು ಬೆಳಕಿಗೆ ಹಿಡಿದು, ‘ಒಳಗೆಲ್ಲ ಅರಗು ಐತ್ರಿ ಮೇಡಂ. ಬಂಗಾರ ಒಂದೂಕಾಲು ತೊಲಿ ಬಂದರ ಬಹಳ ಆತು’ ಎಂದ. ಹೊರಗೆ ಬಂದ ಮೇಲೆ ಹಿರಿಯಕ್ಕ ಮೆಟ್ಟಿಲ ಮೇಲೆ ನಿಂತೇ ಕೇಳಿದಳು: ‘ಹಂಗಾರ ಅವ್ವಗ ಮೋಸ ಆಗಿತ್ತೇನು?’

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ನನಗೂ ಅದೇ ನೆನಪಾಯಿತು. ಅವ್ವ ಅರವತ್ತು ವರ್ಷ ಕೊರಳಲ್ಲಿ ಹೊತ್ತದ್ದು ಅರಗೇ?

ನಡುವಿನಕ್ಕನ ಮನೆ ನವಲಗುಂದ. ಅಲ್ಲಿಯ ಬಜಾರದಲ್ಲಿ ಕೇಳಿ ನೋಡೋಣವೆಂದು ಹೋದೆ. ನವಲಗುಂದವೆಂದರೆ ಹೊರಗಿನವರಿಗೆ ಜಮಖಾನೆ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಸುತ್ತಲಿನವರಿಗೆ ಮಾತ್ರ ಅದು ರಾಮಲಿಂಗ ಕಾಮಣ್ಣನ ಊರು. ಹೋಳಿಯ ಹೊತ್ತಿಗೆ ಹರಕೆ ಹೊತ್ತವರು ಊರೂರಿನಿಂದ ಬರುತ್ತಾರೆ. ಮಕ್ಕಳಾಗಲೆಂದು ಬೇಡಿಕೊಂಡವರು ಬೆಳ್ಳಿಯ ಪುಟ್ಟ ತೊಟ್ಟಿಲು ತರುತ್ತಾರೆ, ಮದುವೆಯಾಗಲೆಂದು ಬೇಡಿಕೊಂಡವರು ಬೆಳ್ಳಿ ಬಾಸಿಂಗ. ಬಜಾರದಲ್ಲಿ ಇಂಥ ತೊಟ್ಟಿಲುಗಳನ್ನು ಕೈಗೆತ್ತಿಕೊಂಡು ನೋಡಿದೆ. ಹಗುರ, ಒಂದೇ ಅಳತೆ, ಯಂತ್ರದಲ್ಲಿ ಒತ್ತಿ ತೆಗೆದವು. ಕಾಮಣ್ಣನೇನೂ ಬೇಜಾರು ಮಾಡಿಕೊಂಡಂತಿಲ್ಲ. ಬೋರಮಾಳ ತೋರಿಸಿದರೆ ಎರಡು ಅಂಗಡಿಯವರು ‘ಅರಗಿನ ಕೆಲಸ ಈಗ ಯಾರೂ ಮಾಡೂದಿಲ್ರಿ’ ಎಂದು ತಿರುಗಿ ಕೊಟ್ಟರು.

ಅಣ್ಣಿಗೇರಿಯ ಹೆಸರು ಹೇಳಿದ್ದು ವೈನಿ. ‘ಅತ್ತಿ ಯಾವಾಗರೆ ದಾರ ಹರಿದರ ಅಲ್ಲಿ ಪತ್ತಾರ ಕಾಕಾನ ಕಡೆ ಒಯ್ಯತಿದ್ದರು. ಇದ್ದಾರೋ ಇಲ್ಲೋ ನೋಡ್ರಿ’ ಎಂದಿದ್ದಳು. ನಮ್ಮ ಕಡೆ ಅಕ್ಕಸಾಲಿಗರಿಗೆ ಪತ್ತಾರರೆನ್ನುವುದು ವಾಡಿಕೆ.

ಇದ್ದರು. ಎಪ್ಪತ್ತೈದರ ಆಸುಪಾಸಿನ ವಯಸ್ಸು. ಅಂಗಡಿ ಎಂದರೆ ಮನೆಯ ಪಡಸಾಲೆಯೇ. ನೆಲದಲ್ಲಿ ಒಂದು ಅಗ್ಗಿಷ್ಟಿಗೆ, ಪಕ್ಕದಲ್ಲಿ ಊದುಗೊಳವೆ, ಹುಣಸೆಮರದ ಕೊರಡಿನ ಮೇಲೆ ಊರಿದ ಸಣ್ಣ ಅಡಿಗಲ್ಲು, ಇಕ್ಕಳಗಳು, ತಂತಿ ಎಳೆಯುವ ತೂತಿನ ಪಟ್ಟಿ, ಕರಿಯ ಒರೆಗಲ್ಲು. ಒಂದು ಡಬ್ಬಿಯಲ್ಲಿ ಗುಲಗಂಜಿ ಕಾಳು ಬೇರೆ. ‘ಇನ್ನೂ ಇದರಾಗ ತೂಗತೀರೇನ್ರಿ ಕಾಕಾ?’ ಎಂದರೆ ನಕ್ಕು ಪಕ್ಕದ ಇಲೆಕ್ಟ್ರಾನಿಕ್ ತಕ್ಕಡಿ ತೋರಿಸಿದರು. 96 ಗುಂಜಿಗೆ ಒಂದು ತೊಲಿ, ಅಂದರೆ ಈಗಿನ ಹನ್ನೊಂದೂವರೆ ಗ್ರಾಮಿಗೆ ಸ್ವಲ್ಪ ಮೇಲೆ. ಕಾಳುಗಳು ಈಗ ಮೊಮ್ಮಗನ ಆಟಕ್ಕೆ.

ನಾನು ಗಂಟು ಬಿಚ್ಚಿ, ಮನಸ್ಸಿನಲ್ಲಿದ್ದುದನ್ನು ನೇರವಾಗಿ ಕೇಳಿಬಿಟ್ಟೆ. ಮುದುಕರಿಗೆ ಸಿಟ್ಟು ಬರಲಿಲ್ಲ.

‘ನಿಮ್ಮವ್ವನ ಮದಿವ್ಯಾಗ ನಿಮ್ಮ ಅಜ್ಜ ತಂದದ್ದು ಎಷ್ಟು ಬಂಗಾರ, ಗೊತ್ತೈತೇನ್ರಿ? ಒಂದೂಕಾಲು ತೊಲಿ. ಅಷ್ಟರಾಗ ಬೋರಮಾಳ ಆಗಬೇಕಂದರು. ಗಟ್ಟಿ ಗುಂಡು ಮಾಡಿದ್ದರ ಗುಲಗಂಜಿಗಿಂತ ಸಣ್ಣವು ಆಗತಿದ್ದವು. ಅರಗು ಹಾಕಿದ್ದಕ್ಕನ ಬೋರಿಹಣ್ಣು ಆದವು. ಇದು ಮೋಸ ಅಲ್ಲವ್ವಾ, ಇದು ಕೆಲಸ.’

ಆ ಕೆಲಸ ಹೇಗೆಂದು ಮಾಡಿಯೇ ತೋರಿಸಿದರು, ತಾಮ್ರದ ತಗಡಿನಲ್ಲಿ. ಬಂಗಾರವನ್ನು ಮೂಸೆಯಲ್ಲಿ ಕರಗಿಸಿ, ಬಡಿದು, ಕಾಯಿಸಿ, ಮತ್ತೆ ಬಡಿದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಬೇಕು. ಅದನ್ನು ದುಂಡಗೆ ಕತ್ತರಿಸಿ, ಅಚ್ಚಿನ ಗುಳಿಯ ಮೇಲಿಟ್ಟು ಒತ್ತಿದರೆ ಅರ್ಧ ಗುಂಡು. ಅಂಥ ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿ, ಬಿಳಿಗಾರ ಸವರಿ, ಊದುಗೊಳವೆಯಿಂದ ಉರಿಯನ್ನು ಸೂಜಿಯಂತೆ ಹಾಯಿಸಿ ಬೆಸೆಯಬೇಕು. ಒಂದು ಉಸಿರು ಹೆಚ್ಚಾದರೆ ಗುಂಡು ಕರಗಿ ಮುದ್ದೆ. ಕಡಿಮೆಯಾದರೆ ಬೆಸುಗೆ ಹಿಡಿಯದು. ಆಮೇಲೆ ಎರಡು ತುದಿಗೆ ತೂತು, ಅದರೊಳಗೆ ಕಾದ ಅರಗು. ಅರಗು ತಣ್ಣಗಾಗಿ ಗಟ್ಟಿಯಾಗುವ ಮೊದಲು ಸೂಜಿ ಹಾಯಿಸಿ ದಾರದ ದಾರಿ ಬಿಡಿಸಬೇಕು. ಕೊನೆಗೆ ಅಂಟವಾಳದ ನೀರಿನಲ್ಲಿ ತೊಳೆದರೆ ಬಂಗಾರಕ್ಕೆ ಬಣ್ಣ ಬರುತ್ತದೆ. ಪೋಣಿಸುವುದು ಮಾತ್ರ ಪತ್ತಾರರದಲ್ಲ, ರೇಷ್ಮೆದಾರದ ಕೆಲಸ ಮಾಡುವ ಪಟವೇಗಾರರದು. ಗುಂಡಿಗೂ ಗುಂಡಿಗೂ ನಡುವೆ ದಾರ ಸವೆಯದಂತೆ ಕಟ್ಟಿ, ಹಿಂದೆ ಗೊಂಡೆ ಬಿಡುವ ಕೈ ಬೇರೆಯೇ.

ಅರಗಿಲ್ಲದಿದ್ದರೆ ಅಷ್ಟು ತೆಳ್ಳನೆಯ ಬಂಗಾರ ಮೊದಲ ದಿನವೇ ನಗ್ಗಿ ಹೋಗುತ್ತದೆ. ನೀರಿನ ಕೊಡ ಹೊತ್ತು, ಕಸ ತೆಗೆದು, ಮಕ್ಕಳನ್ನು ಎತ್ತಿ ಆಡಿಸಿದ ಕೊರಳಲ್ಲಿ ಅರವತ್ತು ವರ್ಷ ಬಾಳಿದ್ದು ಆ ಅರಗಿನಿಂದ. ವೈನಿಯ ತವರು ಕಲಘಟಗಿ. ಅಲ್ಲಿಯ ಬಣ್ಣದ ತೊಟ್ಟಿಲುಗಳಿಗೂ ಹಚ್ಚುವುದು ಅರಗಿನ ಬಣ್ಣವೇ, ಮೂರು ತಲೆಮಾರು ತೂಗಿದರೂ ಮಾಸದು. ಅಲ್ಲಿ ಅದನ್ನು ಹೊಗಳುತ್ತೇವೆ, ಇಲ್ಲಿ ತೂಕದಲ್ಲಿ ಕಳೆಯುತ್ತೇವೆ.

ಪತ್ತಾರ ಕಾಕಾ ದಾರ ಕತ್ತರಿಸಿ ಗುಂಡುಗಳನ್ನು ತಾಟಿಗೆ ಹಾಕಿದರು. ಒಂದೊಂದನ್ನೇ ಉಗುರಿನಿಂದ ತಿರುಗಿಸುತ್ತ ಎಂಟನ್ನು ಬೇರೆ ಮಾಡಿದರು. ನನ್ನ ಕಣ್ಣಿಗೆ ಎಲ್ಲವೂ ಒಂದೇ.

‘ಇವು ಮೂವತ್ತಾರು ನಮ್ಮಪ್ಪನ ಕೈಯವು, 1961ರಾಗಿನವು. ಈ ಎಂಟು ನನ್ನವು. ಬೆಸಗಿ ಗೆರಿ ಕಾಣತೈತಿ ನೋಡ್ರಿ, ಆಗಿನ್ನೂ ಕೈ ಕುಂತಿರಲಿಲ್ಲ.’

ಇದು ನಮಗಾರಿಗೂ ಗೊತ್ತಿರದ ಸಂಗತಿ. 1972ರ ಬರದ ವರ್ಷ ಅವ್ವ ಎಂಟು ಗುಂಡು ಬಿಚ್ಚಿ ಇವರ ತಂದೆಗೆ ಮಾರಿದ್ದಳಂತೆ. ಸರ ಗಿಡ್ಡವಾದದ್ದು ಕಾಣಬಾರದೆಂದು ಹಿಂದಿನ ದಾರವನ್ನು ಅಷ್ಟು ಉದ್ದ ಬಿಡಿಸಿಕೊಂಡಳಂತೆ. ಸೆರಗು ಹೊದ್ದರೆ ಯಾರಿಗೆ ತಿಳಿಯಬೇಕು? ಮೂರು ವರ್ಷದ ಮೇಲೆ ಹತ್ತಿ ಚೆನ್ನಾಗಿ ಬಂದಾಗ ಮತ್ತೆ ಎಂಟು ಹಾಕಿಸಿಕೊಂಡಳು. ಕಾಕಾ ಒಳಗಿನಿಂದ ಹಳೆಯ ವಹಿ ತಂದು ಪುಟ ತಿರುವಿದರು. ನಮ್ಮೂರ ಹೆಸರು, ಅಪ್ಪನ ಹೆಸರು, ‘ಬೋರಮಾಳ ಗುಂಡು 8’. ಅವ್ವನ ಹೆಸರಿರಲಿಲ್ಲ.

ಈ ನಾಡಿನ ಬಂಗಾರದ ನಡೆಯೇ ಹಾಗೆ. ಕುಂದಗೋಳದ ಮೆಣಸಿನಕಾಯಿ, ನವಲಗುಂದದ ಹೆಸರು, ಕಡಲೆ ಮಾರಿದಾಗ ಮನೆಗೆ ಬರುತ್ತದೆ. ಬಿತ್ತಿಗೆಯ ಹೊತ್ತಿಗೆ ಅಡವಿಗೆ ಹೋಗುತ್ತದೆ. ಮಳೆ ಕೈಕೊಟ್ಟರೆ ತಿರುಗಿ ಬರುವುದಿಲ್ಲ. ಕಲಘಟಗಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಮೈಮೇಲಿದ್ದ ಬೆಳ್ಳಿ ಬಿಲ್ಲೆ, ರೂಪಾಯಿ ಸರಗಳದೂ ಇದೇ ಕತೆ.

ಬಂಗಾರ ಈ ನೆಲಕ್ಕೆ ಹೊರಗಿನದೇನೂ ಅಲ್ಲ. 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದ ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮಣ್ಣು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದುದನ್ನು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಕಂಪನಿಗಳು ಗಣಿ ತೋಡಿ, ಲಾಭ ಕಾಣದೆ ಬಿಟ್ಟು ಹೋದವು. ಮಣ್ಣು ತೊಳೆಯುವ ಕಸುಬಿನ ಒಂದು ಎಳೆ ಉಳಿದದ್ದು ಅಕ್ಕಸಾಲಿಗರ ಓಣಿಯಲ್ಲಿ: ಅಂಗಡಿಯ ಕಸ, ಒಲೆಯ ಬೂದಿ ಗುತ್ತಿಗೆ ಹಿಡಿದು ತೊಳೆದು ಕಣ ತೆಗೆಯುವವರು. ಕಾಕಾನ ಕಸಕ್ಕೆ ಈಗ ಯಾರೂ ಬರುವುದಿಲ್ಲ. ‘ಕಸದಾಗ ಬಂಗಾರ ಬೀಳಬೇಕಂದರ ಮೊದಲ ಕೈಯಾಗ ಬಂಗಾರ ಇರಬೇಕಲ್ರಿ’ ಎಂದರು.

ಕೈಯಿಂದ ಬಂಗಾರ ಹೋಗಲು ಶುರುವಾದದ್ದು ಇಂದು ನಿನ್ನೆಯಲ್ಲ. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. 14 ಕ್ಯಾರಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ. ಕಾಕಾ ಆಗ ಹುಡುಗ. ‘14 ಕ್ಯಾರಟ್ ಗಡುಸು, ಅಚ್ಚಿನ್ಯಾಗ ಒತ್ತಿದರ ಬಿರೀತಿತ್ತು. ನಮ್ಮಪ್ಪ ಒಲಿ ಆರಿಸಿ ಮಂದಿ ಹೊಲಕ್ಕ ಕೂಲಿ ಹೋದ.’ ದೇಶದಲ್ಲಿ ಲಕ್ಷಾಂತರ ಅಕ್ಕಸಾಲಿಗರ ಕೆಲಸ ನಿಂತಿತು, ಪ್ರಾಣ ಕಳೆದುಕೊಂಡವರೂ ಇದ್ದರು. ಕ್ಯಾರಟ್ ಕಟ್ಟಳೆ ಕೆಲ ವರ್ಷಗಳಲ್ಲಿ ಸಡಿಲವಾದರೂ 1968ರಲ್ಲಿ ಕಾಯ್ದೆಯೇ ಬಂತು. ಅದು ರದ್ದಾದದ್ದು 1990ರಲ್ಲಿ. ಅಷ್ಟರೊಳಗೆ ಒಂದು ಪೀಳಿಗೆಯ ಹುಡುಗರು ಊದುಗೊಳವೆ ಬಿಟ್ಟು ಬೇರೆ ದಾರಿ ಹಿಡಿದಿದ್ದರು.

ಈಗ ಹಾಲ್‌ಮಾರ್ಕು. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೂ ಆರಕ್ಷರದ ಗುರುತು ಬೇಕು. ಕೊಳ್ಳುವವರಿಗೆ ಇದು ಒಳ್ಳೆಯದೇ, ಗಾದೆ ಸುಮ್ಮನೆ ಹುಟ್ಟಿದ್ದಲ್ಲವಲ್ಲ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವವರಿಗೆ ವಿನಾಯಿತಿಯೂ ಇದೆ. ಆದರೆ ಗಿರಾಕಿಗೆ ವಿನಾಯಿತಿಯ ಮಾತು ಬೇಡ, ಮುದ್ರೆ ಬೇಕು. ಕಾಕಾನ ಇಬ್ಬರು ಮಕ್ಕಳಲ್ಲಿ ಒಬ್ಬ ಹುಬ್ಬಳ್ಳಿಯಲ್ಲಿ ಒಡವೆ ಅಂಗಡಿಯ ಮಾರಾಟಗಾರ, ಇನ್ನೊಬ್ಬ ಟೆಂಪೊ ಓಡಿಸುತ್ತಾನೆ. ಅಚ್ಚುಗಳನ್ನು ಗುಜರಿಯವನು ಎರಡು ಸಲ ಕೇಳಿದ್ದನಂತೆ.

ಇನ್ನು ಪಾಲಿನ ಮಾತು. ಕರಗಿಸುವುದು ಬೇಡವೆಂದು ನಾನು ಆಗಲೇ ನಿಶ್ಚಯಿಸಿದ್ದೆ. ‘ಹಂಚಿ ಬೇರೆ ಬೇರೆ ಪೋಣಿಸಿ ಕೊಡ್ರಿ’ ಎಂದೆ. ಅವರು ಗುಂಡು ಎಣಿಸಿ ತಾಟಿನಲ್ಲಿ ರಾಶಿ ಮಾಡತೊಡಗಿದರು. ನೋಡಿದರೆ ನಾಲ್ಕು ರಾಶಿ. ಪ್ರತಿಯೊಂದರಲ್ಲೂ ತಂದೆಯ ಕೈಯವು ಒಂಬತ್ತು, ತಮ್ಮವು ಎರಡು.

‘ನಾವು ಮೂರು ಮಂದಿರಿ ಕಾಕಾ.’

‘ಹೌದೇನು?’ ಎಂದು ತಲೆಯೆತ್ತಿದರು. ‘ಎರಡು ವರ್ಷದ ಹಿಂದ ದಾರ ಬದಲಿ ಮಾಡಸಾಕ ನಿಮ್ಮವ್ವನ್ನ ಕೈ ಹಿಡದು ಕರಕೊಂಡು ಬಂದಾಕಿ ಒಬ್ಬಾಕಿ ಇದ್ದಳಲ್ಲ, ಅಕಿನ್ನೂ ಮಗಳು ಅಂತ ತಿಳಿದಿದ್ದೆ.’

ಅದು ವೈನಿ. ಟ್ರಂಕಿನಿಂದ ತೆಗೆದು ನಮ್ಮ ಮುಂದಿಟ್ಟು, ಸುಮ್ಮನೆ ಚಹಾ ಮಾಡಲು ಒಳಗೆ ಹೋದವಳು.

ರಾಶಿಗಳನ್ನು ಮತ್ತೆ ಕೂಡಿಸಲು ಹೇಳಲು ನನ್ನಿಂದಾಗಲಿಲ್ಲ. ಹಾಗೇ ಬಿಟ್ಟು, ಎಂಟು ದಿನದ ಮೇಲೆ ಬರುತ್ತೇನೆಂದು ಎದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಅಮೃತೇಶ್ವರನ ಗುಡಿಯಲ್ಲಿ ಕುಳಿತೆ. ಸಂಜೆಯ ಬಿಸಿಲು ಕರಿಕಲ್ಲಿನ ಕಂಬಗಳ ಮೇಲೆ ಬಿದ್ದಿತ್ತು. ಅಲ್ಲಿಂದಲೇ ಹಿರಿಯಕ್ಕನಿಗೆ ಫೋನು ಹಚ್ಚಿದೆ. ಅರಗಿನ ಸಂಗತಿ, ಬರದ ವರ್ಷದ ಎಂಟು ಗುಂಡಿನ ಸಂಗತಿ ಎಲ್ಲ ಹೇಳಿ, ಕೊನೆಗೆ ತಾಟಿನ ಮಾತು ಹೇಳಿದೆ.

‘ನಾಲ್ಕು ಪಾಲೇನು?’ ಎಂದಳು. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಂಡೆ.

‘ನಗ್ಗಿದ ಗುಂಡು ಇದ್ದರ ಅವನ್ನ ನನ್ನ ಪಾಲಿಗೆ ಹಾಕಸು. ವೈನಿಗೆ ಚಲೋವು ಆರಿಸಿ ಕೊಡು’ ಎಂದಳು.