ನಿಂತಲ್ಲೇ ನಕ್ಷತ್ರಯಾನ

ನಮ್ಮ ಮನೆಗೆ ಟ್ರೆಡ್‌ಮಿಲ್ ಬಂದದ್ದು 2021ರಲ್ಲಿ, ನಮ್ಮ ಯಜಮಾನರು ನಿವೃತ್ತರಾದ ಸಂಭ್ರಮಕ್ಕೆ. ಮಗರಾಯನ ಉಡುಗೊರೆ. ಹನ್ನೊಂದು ದಿನ ಅವರು ಅದರ ಮೇಲೆ ಬಹಳ ಶ್ರದ್ಧೆಯಿಂದ ನಡೆದರು. ಹನ್ನೆರಡನೆಯ ದಿನ ನೆಗಡಿಯಾಯಿತು. ಹದಿಮೂರನೆಯ ದಿನದಿಂದ ಅದರ ಹಿಡಿಗಳ ಮೇಲೆ ಅವರ ಪಂಚೆ ಒಣಗತೊಡಗಿತು. ಶಿವಮೊಗ್ಗೆಯ ಮಳೆಗಾಲದಲ್ಲಿ ಮನೆಯೊಳಗೆ ಬಟ್ಟೆ ಹರವುವುದಕ್ಕೆ ಅಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಆ ಪಂಚೆಯನ್ನು ಮಡಿಸಿಟ್ಟು ನಾನು ಅದರ ಮೇಲೆ ಹತ್ತಬೇಕಾಗಿ ಬಂದದ್ದು ಮರುವರ್ಷ, ಅಣ್ಣ ಹೋದ ಮೇಲೆ. ಅವನಿಗೆ ಐವತ್ತಾರು. ರಾತ್ರಿ ಊಟ ಮಾಡಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಸಕ್ಕರೆ ಕಾಯಿಲೆ ನಮ್ಮ ತಾಯಿಗಿತ್ತು, ಅಣ್ಣನಿಗಿತ್ತು, ನನಗೂ ಇದೆ. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು ಹೇಗಾದರೂ ಇರಲಿ, ಇದರಲ್ಲಿ ಮಾತ್ರ ಸಮಪಾಲು ಬಂದಿದೆ. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿಸಿ ಊರಿಗೆ ಬಂದ ವಾರದಲ್ಲೇ ಮಗ ನನ್ನನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದ. ಎದೆಗೆ ತಂತಿಗಳನ್ನು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಡೆಸಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತ ಹೋಗುವ ಪರೀಕ್ಷೆಯಾಯಿತು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಬ್ರೂಸ್ ಎಂಬ ಹೃದ್ರೋಗ ತಜ್ಞರು ಹಾಕಿಕೊಟ್ಟ ಕ್ರಮ ಅದು. ಎದೆ ಸದ್ಯಕ್ಕೆ ಗಟ್ಟಿಯಿದೆ, ನಡಿಗೆ ಬಿಡಬೇಡಿ, ಉಪ್ಪು ಕಡಿಮೆ ಮಾಡಿ ಎಂದರು. ಬೀದಿಯಲ್ಲಿ ನಡೆಯೋಣವೆಂದರೆ ಜೂನ್‌ನಿಂದ ಮಳೆ, ವರ್ಷವೆಲ್ಲ ನಾಯಿ. ಹಾಗಾಗಿ ಪಂಚೆಯೇ ಜಾಗ ಬಿಡಬೇಕಾಯಿತು.

ನಿಂತ ಕಡೆಯೇ ನಡೆಯುವುದು ಎಂತಹ ಬೇಸರದ ಕೆಲಸವೆಂಬುದು ಮಾಡಿದವರಿಗೇ ಗೊತ್ತು. ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ಈ ಯಂತ್ರದ ಪೂರ್ವಜರು ಯಾರೆಂದು ನೋಡಿದರೆ, ಇಂಗ್ಲೆಂಡಿನ ಸೆರೆಮನೆಗಳ ಚಕ್ರ. 1818ರಲ್ಲಿ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರು ಕೈದಿಗಳಿಗೆಂದು ಅದನ್ನು ರೂಪಿಸಿದ. ಹತ್ತಿದಷ್ಟೂ ಮೆಟ್ಟಿಲು ಕೆಳಗಿಳಿಯುತ್ತಲೇ ಇರುತ್ತದೆ. ಆಸ್ಕರ್ ವೈಲ್ಡನಂತಹ ಸಾಹಿತಿಯನ್ನೂ 1895ರಲ್ಲಿ ಅದರ ಮೇಲೆ ಹತ್ತಿಸಿದ್ದರು. ಮನೆಯಲ್ಲಿಟ್ಟುಕೊಳ್ಳುವ ಸಾಧು ರೂಪ ಅದಕ್ಕೆ ಬಂದದ್ದು, ಕೆನೆತ್ ಕೂಪರ್ ಎಂಬ ವೈದ್ಯರು 1968ರಲ್ಲಿ ಬರೆದ ವ್ಯಾಯಾಮದ ಪುಸ್ತಕವನ್ನು ಓದಿ ವಿಲಿಯಂ ಸ್ಟೌಬ್ ಎಂಬ ಇನ್ನೊಬ್ಬ ಎಂಜಿನಿಯರು ಕೈಗೆಟುಕುವ ಬೆಲೆಯ ಯಂತ್ರ ಮಾಡಿದ ಮೇಲೆ. ಸಾಧುವೇನೋ ಹೌದು. ಆದರೆ ಹತ್ತು ನಿಮಿಷ ಕಳೆಯಿತೆಂದು ಅಂದಾಜು ಮಾಡಿ ಗಡಿಯಾರ ನೋಡಿದರೆ ಮೂರೂ ಆಗಿರುತ್ತಿರಲಿಲ್ಲ.

ದೇವರನಾಮ ಹಾಕಿಕೊಂಡೆ, ನಡಿಗೆಗೆ ತಾಳ ಕೂಡಲಿಲ್ಲ. ವಾರ್ತೆ ಹಾಕಿಕೊಂಡೆ, ಬಿ.ಪಿ. ಏರಿತು. ಕೊನೆಗೆ ಮಗನೇ ಕೇಳಿದ, "ಅಮ್ಮಾ, ನೀನೂ ಮಾವನೂ ಚಿಕ್ಕವರಿದ್ದಾಗ ನೋಡ್ತಿದ್ರಲ್ಲ, ಚೂಪು ಕಿವಿಯವನ ಸೀರಿಯಲ್ಲು, ಅದನ್ನ ಹಾಕಿಕೊಡ್ಲಾ?"

ಸ್ಟಾರ್ ಟ್ರೆಕ್! ಆಗ ನಾವು ಬೆಂಗಳೂರಿನ ಬಸವನಗುಡಿಯಲ್ಲಿದ್ದೆವು. 1980ರ ದಶಕದ ನಡುವಿನ ಮಾತು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಅದು ಬರುತ್ತಿತ್ತು. ನಮ್ಮ ಸಾಲಿನಲ್ಲಿ ಟಿ.ವಿ. ಇದ್ದದ್ದು ಎದುರುಮನೆಯವರಲ್ಲಿ ಮಾತ್ರ, ಅದೂ ಕಪ್ಪು ಬಿಳುಪಿನದು. ಅವರ ಹಜಾರದಲ್ಲಿ ಗಂಡುಹುಡುಗರು ಮುಂದೆ, ನಾವು ಹುಡುಗಿಯರು ಬಾಗಿಲ ಬಳಿ. ಎಲ್ಲರದೂ ಕನ್ನಡ ಮೀಡಿಯಂ. ಎಂಟರ್‌ಪ್ರೈಸ್ ಎಂಬ ಹಡಗು ನಕ್ಷತ್ರಗಳ ನಡುವೆ ಹೋಗುತ್ತದೆ, ಕರ್ಕ್ ಎಂಬವನು ನಾಯಕ, ಸ್ಪಾಕ್ ಎಂಬ ಚೂಪು ಕಿವಿಯವನು ನಗುವುದಿಲ್ಲ, ಒಬ್ಬ ಸಿಡುಕು ಡಾಕ್ಟರು ಇದ್ದಾನೆ, ಇಷ್ಟು ತಿಳಿಯುತ್ತಿತ್ತು. ಕಥೆ ಕಾವೇರುವ ಹೊತ್ತಿಗೆ ಸರಿಯಾಗಿ ಅಮ್ಮನ ಕೂಗು ಬೀದಿ ದಾಟಿ ಬರುತ್ತಿತ್ತು. ಹುಳಿಗೆ ಕಾಯಿ ರುಬ್ಬಬೇಕು. ಕೂಗು ನನಗೆ, ಅಣ್ಣನಿಗಲ್ಲ. ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಉಳಿದ ಕಥೆಯನ್ನು ಹೇಳುತ್ತಿದ್ದ, ನಾನು ಬಡಿಸುತ್ತ ಕೇಳುತ್ತಿದ್ದೆ. ಹೀಗೆ ನನ್ನ ಪಾಲಿಗೆ ಆ ಧಾರಾವಾಹಿಯ ಮೊದಲರ್ಧ ಅಮೆರಿಕದವರದು, ಎರಡನೆಯರ್ಧ ನಮ್ಮ ಅಣ್ಣನದು.

ಮಗ ಹಾಲಿನ ಟಿ.ವಿ.ಗೆ ಏನೇನೋ ಜೋಡಿಸಿ, ಮಾತುಗಳು ಕೆಳಗೆ ಅಕ್ಷರದಲ್ಲೂ ಬರುವಂತೆ ಮಾಡಿಕೊಟ್ಟ. ಒಟ್ಟು 79 ಕಂತು. ಒಂದೊಂದೂ ಐವತ್ತು ನಿಮಿಷ. ಡಾಕ್ಟರು ಹೇಳಿದ್ದು ಅರ್ಧ ಗಂಟೆಯ ನಡಿಗೆ, ಆದರೆ ಕಥೆಯ ನಡುವೆ ಇಳಿದುಹೋಗುವುದು ಈ ಜನ್ಮಕ್ಕೆ ಸಾಕೆಂದು ಪೂರ್ತಿ ನಡೆದೆ. ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ವೇಗ, ಅಂದರೆ ಕಂತಿಗೆ ಮೂರೂಮುಕ್ಕಾಲು. 79ರಿಂದ ಗುಣಿಸಿದರೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹತ್ತಿರ ಹತ್ತಿರ ನನ್ನ ತವರಿನಿಂದ ಗಂಡನ ಮನೆಗೆ ಇರುವ ದೂರ.

ಅಮೆರಿಕದಲ್ಲಿ ಮೊದಲ ಕಂತು ಬಂದದ್ದು 1966ರ ಸೆಪ್ಟೆಂಬರ್ 8ರಂದು. ಅಣ್ಣ ಹುಟ್ಟಿದ ವರ್ಷ. ಆ ಕಂತಿನಲ್ಲೊಂದು ಪ್ರಾಣಿ, ತನ್ನ ಜಾತಿಯಲ್ಲಿ ಉಳಿದ ಕೊನೆಯದು, ಉಪ್ಪಿಗಾಗಿ ಹಾತೊರೆದು ಮನುಷ್ಯರ ಮೈಯಿಂದಲೇ ಉಪ್ಪನ್ನು ಹೀರಿ ಕೊಲ್ಲುತ್ತದೆ. ಎರಡು ವಾರದಿಂದ ಉಪ್ಪಿನಕಾಯಿ ಮುಟ್ಟದೆ ನಡೆಯುತ್ತಿದ್ದ ನನಗೆ ಆ ಪ್ರಾಣಿಯ ಸಂಕಟ ಚೆನ್ನಾಗಿ ಅರ್ಥವಾಯಿತು. ಆ ಕಂತಿಗೆಂದು ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ತಂದಿದ್ದರಂತೆ. ಅವು ಉಪ್ಪಿನ ಡಬ್ಬಿಗಳೆಂದು ನೋಡುವವರಿಗೆ ತಿಳಿಯಲಾರದು ಎನಿಸಿ, ಅವನ್ನೇ ಡಾಕ್ಟರ ಕೈಗೆ ಉಪಕರಣಗಳಾಗಿ ಕೊಟ್ಟರಂತೆ. ಗ್ರಹದ ಮೇಲೆ ಹಡಗು ಇಳಿಯುವ ದೃಶ್ಯಕ್ಕೆ ಖರ್ಚು ಹೆಚ್ಚೆಂದು, ಜನ ಮಿನುಗುತ್ತ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾಗುವ ಉಪಾಯ ಮಾಡಿದ್ದೂ ಹೀಗೆಯೇ. ಶಾಲೆಯ ವಾರ್ಷಿಕೋತ್ಸವದ ನಾಟಕ ಮಾಡಿಸಿದ ಯಾರಿಗಾದರೂ ಇಂತಹವರ ಮೇಲೆ ಪ್ರೀತಿ ಬರುತ್ತದೆ.

ಮೊದಲ ವಾರ ಕಳೆಯುವುದರೊಳಗೆ ನನಗೊಂದು ವಿಷಯ ಗಮನಕ್ಕೆ ಬಂತು. ಆ ಐವತ್ತು ನಿಮಿಷ ನನ್ನನ್ನು ಯಾರೂ ಕರೆಯಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಕಾದಂಬರಿ ಹಿಡಿದು ಕೂತರೆ, "ಏನೂ ಕೆಲಸವಿಲ್ಲವಲ್ಲ, ಸ್ವಲ್ಪ ಕಾಫಿ ಮಾಡು" ಎಂಬ ಮಾತು ಬಂದೇ ಬರುತ್ತಿತ್ತು. ಟಿ.ವಿ. ಮುಂದೆ ಕೂತರೆ ಬಾಗಿಲ ಗಂಟೆಯಾದರೂ ಬಾರಿಸುತ್ತಿತ್ತು. ಈಗ ಅದೇ ಹಾಲಿನಲ್ಲಿ, ಅದೇ ಟಿ.ವಿ. ಮುಂದೆ, ಕಥೆಯನ್ನೇ ನೋಡುತ್ತಿದ್ದೇನೆ. ಆದರೆ ಕಾಲು ಆಡುತ್ತಿರುವುದರಿಂದ ಅದು ಸುಖವಲ್ಲ, ಚಿಕಿತ್ಸೆ! ನಮ್ಮ ಯಜಮಾನರು ಹಾಲು ಉಕ್ಕಿದರೆ ತಾವೇ ಎದ್ದು ಒಲೆ ಆರಿಸುತ್ತಾರೆ. ಹೆಂಗಸಿಗೆ ಕಥೆ ಕೇಳುವ ಬಿಡುವು ಸಿಗಬೇಕಾದರೆ ಅದಕ್ಕೊಂದು ಕಾಯಿಲೆಯ ಚೀಟಿ ಬೇಕೆಂಬುದು ಮೊದಲೇ ಗೊತ್ತಿದ್ದರೆ ಸಕ್ಕರೆ ಕಾಯಿಲೆಯನ್ನು ಇನ್ನೂ ಬೇಗ ಬರಮಾಡಿಕೊಳ್ಳಬಹುದಿತ್ತೇನೋ. ನಗೆಗೆ ಹೇಳಿದೆನಷ್ಟೆ. ಅಮ್ಮನ ಕಾಲಿನ ಬೆರಳನ್ನು ಇದೇ ಕಾಯಿಲೆಗೆ ತೆಗೆದುಹಾಕಿದ್ದನ್ನು ಕಂಡವಳು ನಾನು.

ಬಣ್ಣದಲ್ಲಿ ಈಗಲೇ ನೋಡಿದ್ದು. ಅಂಗಿಗಳು ಹಳದಿ, ನೀಲಿ, ಕೆಂಪು ಎಂದು ಬೇರೆ ಬೇರೆ ಎಂಬುದೇ ನಮಗೆ ತಿಳಿದಿರಲಿಲ್ಲ. ಹೆಸರು ಕೇಳದ ಒಬ್ಬ ಕೆಂಪಂಗಿಯವನು ನಾಯಕನ ಜೊತೆ ಹೊಸ ಗ್ರಹಕ್ಕೆ ಇಳಿದನೆಂದರೆ ಅವನು ಬಹುಮಟ್ಟಿಗೆ ಹಿಂದಿರುಗುವುದಿಲ್ಲ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, "ಹೋದನಾ ಕೆಂಪಂಗಿ?" ಎಂದು ಕೇಳುವಷ್ಟು ಪಳಗಿದ್ದಾರೆ. ಒಂದು ಕಂತಿನಲ್ಲಿ ಭಾರತದ ಹೆಸರು ಬಂತೆಂದು ಹಿಗ್ಗಿದೆ. ನೋಡಿದರೆ ಅವನು ಖಾನ್ ನೂನಿಯನ್ ಸಿಂಗ್, ಉತ್ತರ ಭಾರತದ ಸಿಖ್ಖನಿರಬೇಕಂತೆ. ಗಡ್ಡವಿಲ್ಲ, ಮುಂಡಾಸಿಲ್ಲ, ನಟ ಮೆಕ್ಸಿಕೋದವನು. ಈ ಮಹಾಶಯ 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗಕ್ಕೂ ಹೆಚ್ಚನ್ನು ಆಳಿದನೆಂದು 1967ರಲ್ಲಿ ಕಲ್ಪಿಸಿದ್ದರು. ಅದೇ ವರ್ಷಗಳಲ್ಲಿ ನಾನು ಬಿ.ಎಡ್. ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಮಗನನ್ನು ಹೆತ್ತೆ. ಅವನ ಆಳ್ವಿಕೆ ನನ್ನ ಗಮನಕ್ಕೆ ಬರಲೇ ಇಲ್ಲ.

ಇನ್ನೊಂದು ಕಂತನ್ನು ಒಂಬತ್ತನೆಯ ತರಗತಿಯಲ್ಲಿ ಕಥೆಯಾಗಿ ಹೇಳಿದೆ. 1969ರ ಜನವರಿಯದು. ಅರ್ಧ ಮುಖ ಕಪ್ಪು, ಅರ್ಧ ಮುಖ ಬಿಳುಪಾದ ಇಬ್ಬರು ಒಬ್ಬರನ್ನೊಬ್ಬರು ಕೊಲ್ಲಲು ಅಟ್ಟಿಸಿಕೊಂಡು ಬಂದಿರುತ್ತಾರೆ. ಇಬ್ಬರೂ ಒಂದೇ ಥರ ಇದ್ದೀರಲ್ಲ ಎಂದರೆ ಅವರಿಗೆ ಅವಮಾನ. ಒಬ್ಬನಿಗೆ ಬಲಗಡೆ ಕಪ್ಪು, ಇನ್ನೊಬ್ಬನಿಗೆ ಎಡಗಡೆ ಕಪ್ಪು. ಅವರ ಗ್ರಹದಲ್ಲಿ ಆಗಲೇ ಎಲ್ಲರೂ ಹೊಡೆದಾಡಿಕೊಂಡು ಸತ್ತುಹೋಗಿದ್ದಾರೆ, ಆದರೂ ಇವರ ಜಗಳ ನಿಲ್ಲುವುದಿಲ್ಲ. ಅಸ್ಪೃಶ್ಯತೆಯ ಪಾಠಕ್ಕೆ ಪೀಠಿಕೆಯಾದೀತೆಂದು ನನ್ನ ಲೆಕ್ಕ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಅವರ ಊರಲ್ಲಿ ಕನ್ನಡಿ ಇರಲಿಲ್ವಾ?" ಎಂದಳು. ಯಾಕಮ್ಮಾ ಎಂದೆ. "ಕನ್ನಡಿಯಲ್ಲಿ ನೋಡ್ಕೊಂಡ್ರೆ ಅವನೇ ಇವನ ಥರ ಕಾಣ್ತಾನಲ್ಲ ಮಿಸ್." ತರಗತಿ ಬಿಟ್ಟ ಮೇಲೆ ಸ್ಟಾಫ್ ರೂಮಿನ ಕನ್ನಡಿಯ ಮುಂದೆ ನಿಂತು ಬಲಗೆನ್ನೆಗೆ ಕೈಯಿಟ್ಟು ನೋಡಿದೆ. ಅವಳು ಹೇಳಿದ್ದು ನಿಜ.

ಈಗ ಅಣ್ಣನ ಭಾಗಕ್ಕೆ ಬರಬೇಕು. ಗಣಿಯೊಳಗೆ ಕಲ್ಲನ್ನು ಕೊರೆದುಕೊಂಡು ಓಡಾಡುವ ಒಂದು ಭೂತ ಗಣಿಯವರನ್ನು ಸುಟ್ಟು ಕೊಲ್ಲುವ ಕಂತಿದೆ. ಭೂತ ಕಾಣಿಸಿಕೊಳ್ಳುವ ಹೊತ್ತಿಗೆ ನನಗೆ ಕರೆ ಬಂದಿತ್ತು. ಕರ್ಕ್ ಅದನ್ನು ಗುಂಡಿಕ್ಕಿ ಕೊಂದು ನಿಧಿಯನ್ನು ಹಂಚಿದ ಎಂದು ಅಣ್ಣ ಹೇಳಿದ್ದ. ನೋಡಿದರೆ ಹಾಗಲ್ಲವೇ ಅಲ್ಲ. ಅದು ತಾಯಿ. ಗಣಿಯವರು ಕೆಲಸಕ್ಕೆ ಬಾರದ ಕಲ್ಲುಂಡೆಗಳೆಂದು ಒಡೆಯುತ್ತಿದ್ದದ್ದು ಅದರ ಮೊಟ್ಟೆಗಳನ್ನು. ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ಅದರ ನೋವನ್ನು ತಾನೇ ಕೂಗಿ ಹೇಳುತ್ತಾನೆ. ಡಾಕ್ಟರು ಗೊಣಗುತ್ತಲೇ ಸಿಮೆಂಟು ಕಲಸಿ ಗಾಯಕ್ಕೆ ಮೆತ್ತುತ್ತಾನೆ, ಅದು ಬದುಕುತ್ತದೆ. ಪಾಪ, ಅಣ್ಣನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ತಿಳಿಯದ್ದನ್ನು ತಿಳಿಯಲಿಲ್ಲ ಎನ್ನದೆ ಗತ್ತಿನಿಂದ ಕಥೆ ಕಟ್ಟುತ್ತಿದ್ದ. ಪಟ್ಟಿಯ ಮೇಲೆ ಒಬ್ಬಳೇ ನಕ್ಕೆ.

ಆದರೆ ಎಡಿತ್ ಕೀಲರಳ ಕಂತಿಗೆ ಹಾಗೆ ನಗಲಾಗಲಿಲ್ಲ. ಕರ್ಕ್ ಮತ್ತು ಸ್ಪಾಕ್ ಕಾಲದ ಬಾಗಿಲು ದಾಟಿ 1930ರ ನ್ಯೂಯಾರ್ಕಿಗೆ ಹೋಗುತ್ತಾರೆ. ಅಲ್ಲಿ ಬಡವರಿಗೆ ಊಟ ಹಾಕುವ ಎಡಿತ್‌ಳನ್ನು ಕರ್ಕ್ ಪ್ರೀತಿಸುತ್ತಾನೆ. ನಾನು ಎದ್ದು ಬಂದದ್ದು ಅಲ್ಲಿಗೆ. ಆಮೇಲೆ ಅವಳನ್ನು ಹಡಗಿಗೆ ಕರೆದುಕೊಂಡು ಹೋಗಿ ಮದುವೆಯಾದ ಎಂದಿದ್ದ ಅಣ್ಣ. ಮಜ್ಜಿಗೆ ಬಡಿಸುವಾಗ, ಎರಡು ಸಲ ಕೇಳಿದ್ದಕ್ಕೆ ಎರಡು ಸಲವೂ ಹಾಗೇ ಹೇಳಿದ. ಈಗ ನೋಡಿದರೆ, ಅವಳು ಬದುಕಿದರೆ ಶಾಂತಿಯ ಮಾತಾಡಿ ಅಮೆರಿಕ ಯುದ್ಧಕ್ಕಿಳಿಯುವುದನ್ನು ತಡಮಾಡುತ್ತಾಳೆ, ಹಿಟ್ಲರ್ ಗೆದ್ದುಬಿಡುತ್ತಾನೆ. ರಸ್ತೆಯಲ್ಲಿ ವಾಹನ ಬರುತ್ತದೆ. ಉಳಿಸಲು ನುಗ್ಗಿದ ಡಾಕ್ಟರನ್ನು ಕರ್ಕ್‌ನೇ ಹಿಡಿದು ನಿಲ್ಲಿಸುತ್ತಾನೆ.

ಈ ಕೊನೆಗೆ ಇಂಗ್ಲಿಷ್ ಬೇಕಿಲ್ಲ. ಚೀರಾಟ, ಬ್ರೇಕಿನ ಸದ್ದು, ಕರ್ಕ್‌ನ ಮುಖ, ಇಷ್ಟನ್ನು ಕಂಡ ಯಾವ ಹುಡುಗನಿಗಾದರೂ ಅವಳು ಸತ್ತಳೆಂದು ತಿಳಿಯುತ್ತದೆ. ಅಣ್ಣನಿಗೂ ತಿಳಿದಿತ್ತು. ಆ ತಿಂಗಳಷ್ಟೇ ನಮ್ಮ ಸೋದರತ್ತೆ ಹೆರಿಗೆಯಲ್ಲಿ ಹೋಗಿದ್ದರು, ನಾನು ರಾತ್ರಿ ಹೊತ್ತು ಎದ್ದು ಕೂರುತ್ತಿದ್ದೆ. ಕೆಂಪು ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿದೆ. ನಲವತ್ತು ವರ್ಷ ಆ ಹೆಂಗಸು ನನ್ನ ಪಾಲಿಗೆ ಹಡಗಿನಲ್ಲಿ ಸುಖವಾಗಿದ್ದಳು. "ಯಾಕೆ, ಕರೆಂಟು ಹೋಯ್ತಾ?" ಎಂದರು ಯಜಮಾನರು. ಹೂಂ ಎಂದೆ.

ಮೂರನೆಯ ವರ್ಷದ ಕಂತುಗಳು ಮೊದಲಿನಷ್ಟು ಚೆನ್ನಾಗಿಲ್ಲ. 1969ರ ಜೂನ್ 3ರ ಕೊನೆಯ ಕಂತಂತೂ ನನಗೆ ಸಿಟ್ಟು ತರಿಸಿತು. ಹಡಗಿನ ನಾಯಕರ ಲೋಕದಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂದು ಒಬ್ಬಾಕೆಯಿಂದಲೇ ಹೇಳಿಸಿ, ಅವಳನ್ನು ಹುಚ್ಚಿಯಂತೆ ತೋರಿಸಿದ್ದಾರೆ. ಕರಿಯ ಹೆಂಗಸನ್ನು ಗೌರವದ ಕುರ್ಚಿಯಲ್ಲಿ ಕೂರಿಸಿದವರು, ಜಪಾನೀ ಮೂಲದವನನ್ನೂ ರಷ್ಯದವನನ್ನೂ ಒಂದೇ ಮೇಜಿಗೆ ಕೂರಿಸಿದವರು, ಇಲ್ಲಿ ಎಡವಿದರು. ಕಲ್ಪನಾ ಚಾವ್ಲಾ 1997ರಲ್ಲಿ ನಿಜವಾದ ನೌಕೆಯಲ್ಲಿ ಹೋಗಿಬಂದ ಮೇಲೆ ಆ ಮಾತನ್ನು ಕೇಳುವುದು ಕಷ್ಟ.

ಈಗಿನ ತಪಾಸಣೆಯಲ್ಲಿ ಸಕ್ಕರೆ ಸ್ವಲ್ಪ ಇಳಿದಿದೆ, ಡಾಕ್ಟರು ಮಾತ್ರೆ ಮಾತ್ರ ಕಡಿಮೆ ಮಾಡಿಲ್ಲ. ಮುಂದೇನು ನೋಡುವುದೆಂದು ಮಗನನ್ನು ಕೇಳಿದೆ. ಅದೇ ಹೆಸರಿನ ಹಡಗು, ಬೇರೆ ನಾಯಕ, 1987ರಲ್ಲಿ ಶುರುವಾದದ್ದು ಒಂದಿದೆಯಂತೆ. 178 ಕಂತು. ಮಂಡಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.